ಒಲೆ ಮುಂದೆ 11 ನಿಮಿಷ

ಹಳೆಯ ಸೊಂಟನೋವಿಗೆ ಫಿಸಿಯೋಥೆರಪಿಗೆ ಬರುವ ಗೃಹಿಣಿಯರಿಗೆ "ಸ್ವಲ್ಪ ರೆಸ್ಟ್ ತಗೊಳ್ಳಿ" ಅಂದರೆ ಏನೂ ಹೇಳಿದಂತಾಗುವುದಿಲ್ಲ. ನೋವು ಕಡಿಮೆಯಿದ್ದ ದಿನ ಬಟ್ಟೆ ಒಗೆದು, ನೆಲ ಒರೆಸಿ, ಅಟ್ಟದ ಪಾತ್ರೆಯನ್ನೂ ಇಳಿಸಿ ತೊಳೆಯುತ್ತಾರೆ. ಮರುದಿನದಿಂದ ಹಾಸಿಗೆ. "ಚೆನ್ನಾಗಿದ್ದಾಗಲೇ ಮುಗಿಸಿಬಿಡೋಣ ಅಂತ, ಮೇಡಂ" ಅನ್ನುವ ಮಾತು ದಿನಾ ಕೇಳುವಂಥದ್ದು.

ಮೂರು ತಿಂಗಳು ದಾಟಿದ ನೋವಿನಲ್ಲಿ ನರಗಳೇ ಅತಿಸೂಕ್ಷ್ಮವಾಗಿರಬಹುದು. ನೋವು ಏರಿದಾಗಲೆಲ್ಲ ಬೆನ್ನಿಗೆ ಹೊಸ ಪೆಟ್ಟಾಗಿದೆ ಎಂದಲ್ಲ. ನೋವು ತಡೆಯಲಾಗದೆ ಕೂತರೆ ಅದು ಇಳಿಯುವುದೂ ನಿಧಾನ. ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಈ ಕ್ರಮವನ್ನೇ ತಿರುಗಿಸಿದರು: ಗೊತ್ತುಮಾಡಿದ ಪಾಲು ಮುಗಿದರೆ ವಿಶ್ರಾಂತಿ, ನೋವು ಬಂದದ್ದಕ್ಕಲ್ಲ.

ಪಾಲು ಗೊತ್ತುಮಾಡುವುದು ಹೀಗೆ. ಐದು ದಿನ, ಒಲೆ ಮುಂದೆ ನಿಂತು ನೋವು ಏರತೊಡಗುವವರೆಗಿನ ನಿಮಿಷ ಬರೆಸಿ. 14, 20, 9, 16, 11 ಬಂತೆನ್ನಿ. ಒಟ್ಟು 70, ಸರಾಸರಿ 14. ಅದರ ಶೇಕಡಾ 80, ಅಂದರೆ 11 ನಿಮಿಷದಿಂದ ಶುರು. 20 ನಿಮಿಷ ನಿಂತ ದಿನವನ್ನೇ ಲೆಕ್ಕಕ್ಕೆ ಹಿಡಿದರೆ ಯೋಜನೆ ಮೊದಲ ವಾರದಲ್ಲೇ ಬೀಳುತ್ತದೆ. ಕೂರುವುದಕ್ಕೆ, ನಡೆಯುವುದಕ್ಕೆ ಬೇರೆ ಬೇರೆ ಅಳತೆ ಬೇಕು.

ಮೊಬೈಲ್‌ನಲ್ಲಿ ಟೈಮರ್ ಇಟ್ಟು ಅದನ್ನು ಪಕ್ಕದ ಕೋಣೆಯಲ್ಲಿಡಲಿ. ಕೈಗೆಟುಕುವಂತಿದ್ದರೆ ಒತ್ತಿ ಮುಂದುವರಿಸುತ್ತಾರೆ. ಗಂಟೆ ಹೊಡೆದಾಗ ಮಣೆ ಮೇಲೆ ಅರ್ಧ ಲಟ್ಟಿಸಿದ ಚಪಾತಿ ಇದ್ದರೆ? ಅದನ್ನು ಮುಗಿಸಬಹುದು, ಮುಂದಿನ ಉಂಡೆ ಮುಟ್ಟಬಾರದು. ಒಲೆ ಆರಿಸಿ ನಾಲ್ಕೈದು ನಿಮಿಷ ಭಂಗಿ ಬದಲಾಯಿಸಲಿ: ಕೂತು ಸೊಪ್ಪು ಬಿಡಿಸಿದರೂ ಸರಿ. ಮಲಗಲೇಬೇಕೆಂದಿಲ್ಲ.

ಒಂದು ವಾರ ಸಲೀಸಾಗಿ ನಡೆದರೆ 12 ನಿಮಿಷ. ಚೆನ್ನಾಗಿರುವ ದಿನವೂ ಅಷ್ಟೇ, ಕಷ್ಟವಾಗುವುದು ಇದೇ. ನೋವು ಕೆರಳಿದರೆ ಪಾಲನ್ನು ಅರ್ಧಕ್ಕಿಳಿಸಿ, ಮೂರ್ನಾಲ್ಕು ದಿನದಲ್ಲಿ ಮತ್ತೆ ಮೇಲಕ್ಕೆ ತನ್ನಿ. ಸೊನ್ನೆಗೆ ಇಳಿಸಬೇಡಿ. ಕಾಲಿನ ಶಕ್ತಿ ಕುಂದುವುದು, ತೊಡೆಸಂದು ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಟೈಮರ್ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಕಳಿಸಿ. ಎಂಇ/ಸಿಎಫ್‌ಎಸ್ ಎಂಬ ದೀರ್ಘ ಆಯಾಸದ ಕಾಯಿಲೆ ಇರುವವರಿಗೆ ಈ ವಾರವಾರದ ಏರಿಕೆ ಬೇಡ. ಬ್ರಿಟನ್‌ನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಇಂಥ ವ್ಯಾಯಾಮ ಏರಿಕೆಯನ್ನು ಕೈಬಿಟ್ಟಿದೆ.

ಇಷ್ಟೆಲ್ಲ ಸರಿಯಾಗಿದ್ದೂ ಯೋಜನೆ ಕೆಡುವುದು ಹೆಚ್ಚಾಗಿ ಮನೆಯವರ ಒಂದು ಮಾತಿನಿಂದ: "ಅರ್ಧಕ್ಕೇ ಬಿಟ್ಟು ಕೂತ್ಯಾ?" ಎರಡನೇ ಭೇಟಿಗೆ ಅತ್ತೆಯನ್ನೋ ಗಂಡನನ್ನೋ ಕರೆತರಲು ಹೇಳಿ, ಆ ಐದು ದಿನದ ಚೀಟಿಯನ್ನು ಅವರ ಕೈಗೇ ಕೊಡಿ.