ಇಷ್ಟೆಲ್ಲ ಮಾಡೋಕೆ ಟೈಮ್ ಎಲ್ಲಿ ಸಿಗುತ್ತೆ?

"ಅಲ್ರೀ, ನೌಕರಿನೂ ಮಾಡ್ತೀರಿ, ಮನೀನೂ ನೋಡ್ತೀರಿ, ಮತ್ತ ಇದನ್ನೆಲ್ಲ ಮಾಡ್ಲಿಕ್ಕೆ ಟೈಮ್ ಎಲ್ಲಿ ಸಿಗ್ತದ ನಿಮಗ?"

ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಗೆಳತಿಯರು ಇದನ್ನು ಕೇಳುತ್ತಾರೆ. ಮನೆಗೆ ಬಂದ ನೆಂಟರು ಮಂಚದ ಮೇಲಿನ ಕೌದಿಯನ್ನು, ಅಂದರೆ ಹಳೆಯ ಅರಿವೆ ಪದರ ಸೇರಿಸಿ ಹೊಲಿದ ಹೊದಿಕೆಯನ್ನು, ಮುಟ್ಟಿ ನೋಡಿ ಕೇಳುತ್ತಾರೆ. ತಾರಸಿಗೆ ಹೋದವರು ಮೆಂತ್ಯದ ಟಬ್ಬು, ಗೊಬ್ಬರದ ಬಕೆಟ್ಟು ನೋಡಿ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುತ್ತಾ ಬಂದಿದ್ದೇನೆ. ಇವತ್ತು ಪೂರ್ತಿ ಉತ್ತರ ಬರೆಯುತ್ತೇನೆ.

ನಮ್ಮ ಮನೆ ಧಾರವಾಡದಲ್ಲಿ, ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ಅತ್ತೆ, ನಮ್ಮ ಮನೆಯವರು, ಹೈಸ್ಕೂಲಿಗೆ ಹೋಗುವ ಮಗಳು, ಇನ್ನೂ ಮಗ್ಗಿ ಬಾಯಿಪಾಠ ಮಾಡುತ್ತಿರುವ ಮಗ. ಬೇರೆಯವರಿಗಿಂತ ನನಗೆ ಜಾಸ್ತಿ ಸಮಯವೇನೂ ಇಲ್ಲ. ಸಿಗುವುದೆಲ್ಲ ತುಂಡು ಸಮಯ. ಕುಕ್ಕರ್ ಕೂಗುವ ತನಕ ಒಂದಿಷ್ಟು. ಮಗ ಮಗ್ಗಿ ಬರೆದು ತಂದು ತೋರಿಸುವ ತನಕ ಒಂದಿಷ್ಟು. ರಾತ್ರಿ ಬಾಂಡೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಮಲಗುವ ಮುಂಚೆ ಇನ್ನೊಂದಿಷ್ಟು. ಆ ತುಂಡಿಗೆ ಹೊಂದುವ ಕೆಲಸವನ್ನೇ ನಾನು ಆರಿಸಿಕೊಳ್ಳುತ್ತೇನೆ. ಯಾವುದೇ ಹೊಸ ಕೆಲಸ ಮನೆಯೊಳಗೆ ತರುವ ಮುಂಚೆ ನಾನು ಒಂದೇ ವಿಷಯ ನೋಡುವುದು: ಅರ್ಧಕ್ಕೆ ಬಿಟ್ಟು ಎದ್ದರೆ ಇದು ಕೆಡುತ್ತದೆಯೋ, ಇಲ್ಲವೋ? ಕೆಡುವುದಿಲ್ಲ ಅಂದರೆ ಅದು ನನ್ನ ಕೆಲಸ.

ಕೌದಿ ನನಗೆ ಅಷ್ಟು ಒಗ್ಗಿರುವುದು ಇದಕ್ಕೇ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಅರಿವೆಯನ್ನು ಸುಮ್ನೆ ಬಿಸಾಡುವುದಿಲ್ಲ. ಸವೆದ ಸೀರೆ, ಧೋತರ, ಲುಂಗಿ ಎಲ್ಲ ಒಂದು ಗಂಟಿನಲ್ಲಿ ಸೇರುತ್ತವೆ. ಗಂಟು ದೊಡ್ಡದಾದಾಗ ಕೌದಿ. ಮೊದಲು ಎಲ್ಲವನ್ನೂ ಒಗೆದು ಬಿಸಿಲಿಗೆ ಹಾಕಬೇಕು. ಆಮೇಲೆ ಆರಿಸಬೇಕು. ಹತ್ತಿಯದ್ದು ಎಷ್ಟು ಹಳೆಯದಾದಷ್ಟೂ ಒಳ್ಳೆಯದು, ಮೆತ್ತಗಾಗಿರುತ್ತದೆ, ನಾಲ್ಕೈದು ಪದರ ಇದ್ದರೂ ಸೂಜಿ ಸಲೀಸಾಗಿ ದಾಟುತ್ತದೆ. ಪಾಲಿಯೆಸ್ಟರ್ ಬೇಡವೇ ಬೇಡ. ಅದು ಜಾರುತ್ತದೆ, ಪದರ ಒಂದು ಕಡೆ ಗುಡ್ಡೆಯಾಗುತ್ತದೆ, ಹೊದ್ದರೆ ಬೆವರು ಹೀರುವುದಿಲ್ಲ. ಇದ್ದುದರಲ್ಲಿ ಗಟ್ಟಿಯಾದ ಸೀರೆಯನ್ನು ಅಡಿಗೆ ಹಾಸಿ, ಅದರ ಮೇಲೆ ಸವೆದವನ್ನು ಹರಡಿ, ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಬೇಕು. ದೊಡ್ಡ ದೊಡ್ಡ ಟಾಕು ಹಾಕಿ ಎಲ್ಲವನ್ನೂ ಮೊದಲು ಹಿಡಿದಿಡಬೇಕು. ಇಷ್ಟಕ್ಕೆ ಮಾತ್ರ ನೆಲ ಖಾಲಿ ಇರಬೇಕು, ಎರಡು ಜೋಡಿ ಕೈ ಬೇಕು. ಇದನ್ನು ಒಂದು ಭಾನುವಾರ ಮುಗಿಸಿಬಿಡುತ್ತೇವೆ.

ಅಲ್ಲಿಂದ ಮುಂದೆ ಇರುವುದು ಹೊಲಿಗೆ ಮಾತ್ರ. ಉದ್ದ ಸೂಜಿ, ದಪ್ಪ ಹತ್ತಿ ದಾರ, ಒಂದರ ಪಕ್ಕ ಇನ್ನೊಂದು ಸಾಲು. ಅಂಚಿನಿಂದ ಶುರು ಮಾಡಿ ಒಳಗೆ ಬರುತ್ತಾ ಹೋಗುವುದು ನನ್ನ ರೀತಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿರುವ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಹೀಗೇ, ಮೂಲೆಯಿಂದ ಹೊರಟು ಸುತ್ತು ಹಾಕುತ್ತಾ ನಡುವಿಗೆ ಬರುತ್ತದೆ. ಮೂಲೆಗಳಿಗೆ ಅವರು ಬಟ್ಟೆಯನ್ನು ಪದರ ಪದರ ಮಡಚಿ ಹೂವಿನಂಥ ಫುಲಾ ಕೂರಿಸುತ್ತಾರೆ. ಆ ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಬೋಳು ಬೋಳು. ಎಷ್ಟು ಚಂದ ಇರುತ್ತದೆ ಅಂತೀರಿ! ನಾನು ನನ್ನ ಕೌದಿಯ ಮೂಲೆಗಳಿಗೂ ಹಾಕಬೇಕು ಅಂದುಕೊಂಡಿದ್ದೇನೆ.

ಒಂದು ಸಾಲು ಮುಗಿಸಲು ಅನ್ನ ಆಗುವಷ್ಟು ಹೊತ್ತು ಸಾಕು. ಮಗ ಕರೆದರೆ ಸೂಜಿಯನ್ನು ಅಲ್ಲೇ ಅರಿವೆಗೆ ಚುಚ್ಚಿ ಎದ್ದು ಹೋಗುತ್ತೇನೆ. ವಾರ ಬಿಟ್ಟು ಬಂದರೂ ಅದೇ ಜಾಗದಲ್ಲಿ ಸೂಜಿ ಇರುತ್ತದೆ, ಅಲ್ಲಿಂದಲೇ ಮುಂದುವರಿಸಬಹುದು. ಲೆಕ್ಕ ಇಡಬೇಕಾಗಿಲ್ಲ, ನೆನಪಿಡಬೇಕಾಗಿಲ್ಲ. ಕರೆಂಟು ಹೋದರೂ ಕಿಟಕಿಯ ಬೆಳಕಿನಲ್ಲಿ ಹೊಲಿಯಬಹುದು. ಮಾತಾಡುತ್ತಾ ಹೊಲಿಯಬಹುದು. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಅರ್ಧ ಮುಗಿದ ಕೌದಿಯನ್ನೇ ಕಾಲ ಮೇಲೆ ಹಾಕಿಕೊಂಡು ಹೊಲಿಯುವ ಸುಖ ಬೇರೆ. ಅತ್ತೆ ಪಕ್ಕದಲ್ಲಿ ಕೂತು ಒಂದೊಂದೇ ತುಂಡು ಗುರುತು ಹಿಡಿಯುತ್ತಾರೆ. "ಇದು ನಿಮ್ಮ ಮಾವ ಇಳಕಲ್ಲಿಂದ ತಂದ ಸೀರಿ ನೋಡವಾ. ಇದು ನಿನ್ನ ಗಂಡನ ಮುಂಜಿವಿನಾಗ ಉಟ್ಟಿದ್ದು." ನಮ್ಮ ಮನೆಯವರ ಬಾಲ್ಯದ ಬಹಳಷ್ಟು ಸಂಗತಿ ನನಗೆ ಗೊತ್ತಾಗಿದ್ದು ಹೀಗೆ. ಮಗಳು ಎದುರು ಬದಿಯಲ್ಲಿ ತನ್ನ ಸಾಲು ಹೊಲಿಯುತ್ತಾಳೆ. ಅವಳ ಟಾಕು ಉದ್ದ, ನನ್ನದು ಗಿಡ್ಡ. ಹಾಗೇ ಇರಲಿ ಅಂತ ಬಿಟ್ಟಿದ್ದೇನೆ. ಮುಂದೊಂದು ದಿನ ಯಾವ ಬದಿ ಯಾರದ್ದು ಅಂತ ಅವಳೇ ತೋರಿಸಲಿ.

ಈಗ ಕಸೂತಿ ನೋಡಿ. ಧಾರವಾಡದವಳಾಗಿ ಕಸೂತಿ ಬಿಟ್ಟು ಕೌದಿ ಯಾಕೆ ಹಿಡಿದಿರಿ ಅಂತ ಕೇಳುವವರೂ ಇದ್ದಾರೆ. ಕಸೂತಿ ನನಗೆ ತುಂಬಾ ಇಷ್ಟ. ಗವಂತಿ, ಮುರ್ಗಿ, ನೇಗಿ, ಮೆಂತೆ ನಾಲ್ಕೂ ಬಗೆಯ ಹೊಲಿಗೆ ಹಾಕಲು ಬರುತ್ತದೆ. ಆದರೆ ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಗೋಪುರ, ತೇರು, ತುಳಸಿ ವೃಂದಾವನ ಮೂಡಿಸಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿಯಲ್ಲಿ ಹೋದ ದಾರಿಯಲ್ಲೇ ಸೂಜಿ ವಾಪಸ್ ಬರಬೇಕು, ಬಟ್ಟೆಯ ಎರಡೂ ಮುಖ ಒಂದೇ ಥರ ಕಾಣಬೇಕು. ನಡುವೆ "ಅವ್ವಾ, ನನ್ನ ಪೆನ್ಸಿಲ್ ಎಲ್ಲೈತಿ" ಅಂತ ಕೂಗು ಬಂದರೆ ಎಣಿಕೆ ಹೋಯಿತು ಅಂತಲೇ ಲೆಕ್ಕ. ಅದಕ್ಕೆ ಹಗಲು ಬೆಳಕು ಬೇಕು, ಒಂದೇ ಕಡೆ ನೆಟ್ಟ ಮನಸ್ಸು ಬೇಕು. ಮಕ್ಕಳು ಇನ್ನಷ್ಟು ದೊಡ್ಡವರಾಗಲಿ, ಆಗ ಒಂದು ಕರಿ ಚಂದ್ರಕಾಳಿ ಸೀರೆ ಹಿಡಿದು ಕೂರುವ ಆಸೆ ಇದೆ. ಸದ್ಯಕ್ಕೆ ಪೆಟ್ಟಿಗೆ ಮುಚ್ಚಿಟ್ಟಿದ್ದೇನೆ, ಅದರ ಬಗ್ಗೆ ಬೇಜಾರಿಲ್ಲ.

ಹೀಗೆ ನಡುವೆ ಬಿಟ್ಟರೆ ಕೆಡುವ ಕೆಲಸ ಮನೆಯಲ್ಲಿ ಇನ್ನೂ ಇವೆ. ಬೇಸಿಗೆಯ ಸಂಡಿಗೆ, ಹಪ್ಪಳ. ಹಿಟ್ಟು ಕುದಿಸಿದ ಮೇಲೆ ನಾಳೆ ನೋಡೋಣ ಅನ್ನಲು ಬರುವುದಿಲ್ಲ. ಬಿಸಿಲು ಏರುವ ಮುಂಚೆ ತಾರಸಿಯ ಮೇಲೆ ಬಿಡಬೇಕು, ದಿನವಿಡೀ ಒಣಗಬೇಕು. ಗೋಡೆಗೆ ಬಣ್ಣ ಹೊಡೆಯುವುದೂ ಹಾಗೇ. ಒಂದು ಗೋಡೆ ನಡುವೆ ಬಿಟ್ಟು ಒಣಗಿದ ಮೇಲೆ ಮುಂದುವರಿಸಿದರೆ ಆ ಗೆರೆ ಎದ್ದು ಕಾಣುತ್ತದೆ. ಇಂಥವನ್ನು ನಾನು ವಾರದ ದಿನಗಳಲ್ಲಿ ಮುಟ್ಟುವುದೇ ಇಲ್ಲ. ಸಂಡಿಗೆಗೆ ಏಪ್ರಿಲ್‌ನ ಒಂದು ಎರಡನೇ ಶನಿವಾರ, ನಾದಿನಿಯೂ ಬರುತ್ತಾಳೆ. ಬಣ್ಣಕ್ಕೆ ದಸರಾ ರಜೆ, ಮನೆಮಂದಿಯೆಲ್ಲ ಸೇರಿ ಒಂದೇ ಕೋಣೆ. ಎರಡನೇ ಕೋಣೆ ಮುಂದಿನ ವರ್ಷ.

ಗೊಬ್ಬರದ ಬಕೆಟ್ಟಿನ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ, ಅದು ತಾನೇ ಕೆಲಸ ಮಾಡುತ್ತದೆ. ತೂತು ಕೊರೆದ ಮುಚ್ಚಳದ ಬಕೆಟ್ಟು, ಒಂದು ಪದರ ತರಕಾರಿ ಸಿಪ್ಪೆ, ಒಂದು ಪದರ ಒಣ ಎಲೆ, ಆಗೀಗ ಚೂರು ಹುಳಿ ಮಜ್ಜಿಗೆ. ವಾಸನೆ ಬಂದರೆ ನೀರಿನಂಶ ಜಾಸ್ತಿಯಾಗಿದೆ ಅಂತ ಅರ್ಥ, ಇನ್ನಷ್ಟು ಒಣ ಎಲೆ ಹಾಕಿ ಕೆದಕಿದರೆ ಸರಿಹೋಗುತ್ತದೆ. ಎಲೆಗೆ ನಮ್ಮೂರಲ್ಲಿ ಏನು ಬರ? ಗುಡಿಸಿ ಚೀಲ ತುಂಬುವುದು ಮಗನ ಕೆಲಸ. ಎರಡು ಮೂರು ತಿಂಗಳಿಗೆ ಕಪ್ಪು ಗೊಬ್ಬರ ತಯಾರು. ಆ ಗೊಬ್ಬರವೇ ಟಬ್ಬಿಗೆ, ಅಡುಗೆಮನೆಯ ಡಬ್ಬಿಯ ಮೆಂತ್ಯವೇ ಬೀಜ. ಮೂರು ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಸೊಪ್ಪು. ಅವತ್ತು ಪಲ್ಯ ಎಲ್ಲರಿಗಿಂತ ಮೊದಲು ಮಗನೇ ಖಾಲಿ ಮಾಡುತ್ತಾನೆ.

ಇನ್ನು, ಈ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ. ಮನೆಗೆಲಸ ಯಾರು ಮಾಡುತ್ತಾರೆ? 2019ರಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿ ದೇಶದ ತುಂಬ ಒಂದು ಸಮಯ ಬಳಕೆ ಸಮೀಕ್ಷೆ ಮಾಡಿತು. ಆಗ ದಿನಕ್ಕೆ ಹೆಂಗಸರು ಸಂಬಳವಿಲ್ಲದ ಮನೆಗೆಲಸಕ್ಕೆ ಕೊಡುತ್ತಿದ್ದುದು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವವರ ಲೆಕ್ಕ ಮಾತ್ರ. ಅಂಥವರು ಗಂಡಸರಲ್ಲಿ 100ಕ್ಕೆ ಸುಮಾರು 26 ಮಂದಿ. ಹೆಂಗಸರಲ್ಲಿ 81. ಹತ್ತಿರ ಹತ್ತಿರ ಐದು ತಾಸು! ಆಫೀಸು, ಬಸ್ಸು, ನಿದ್ದೆ ಕಳೆದು ಐದು ತಾಸು ಇದಕ್ಕೇ ಹೋದರೆ ಸೂಜಿ ಹಿಡಿಯಲು ಏನು ಉಳಿಯುತ್ತದೆ?

ಅದಕ್ಕೇ ಹೇಳುತ್ತೇನೆ, ನನ್ನ ಟೈಮು ಬಂದಿರುವುದು ಮುಖ್ಯವಾಗಿ ಮನೆಯವರಿಂದ. ನಮ್ಮ ಮನೆಯಲ್ಲಿ "ಸಹಾಯ" ಅನ್ನುವ ಪದ್ಧತಿ ಇಲ್ಲ. ಹೇಳಿದರೆ ಮಾಡುತ್ತೇನೆ ಅನ್ನುವುದು ಅರ್ಧ ಕೆಲಸ ಮಾತ್ರ. ಯಾವಾಗ, ಏನು, ಎಷ್ಟು ಅಂತ ನೆನಪಿಡುವ ಭಾರ ಆಗಲೂ ಹೇಳುವವಳ ತಲೆಯ ಮೇಲೇ ಇರುತ್ತದೆ. ನಾವು ಇಡೀ ಇಡೀ ಕೆಲಸ ಹಂಚಿಕೊಂಡಿದ್ದೇವೆ. ಬೆಳಗಿನ ತಿಂಡಿ ಮತ್ತು ಡಬ್ಬಿ ಪೂರ್ತಿ ಗಂಡನದ್ದು. ಅಂದರೆ ಅವಲಕ್ಕಿ ಖಾಲಿಯಾದದ್ದು ಅವರಿಗೆ ಗೊತ್ತಿರಬೇಕು, ಮಗಳಿಗೆ ಉಪ್ಪಿಟ್ಟು ಸೇರುವುದಿಲ್ಲ ಅನ್ನುವುದೂ ಅವರಿಗೇ ಗೊತ್ತಿರಬೇಕು. ನಾನು ಕೇಳುವುದಿಲ್ಲ, ನೆನಪಿಸುವುದಿಲ್ಲ. ನೀರು ಕೂಡ ಅವರದ್ದೇ. ಹುಬ್ಬಳ್ಳಿ-ಧಾರವಾಡದಲ್ಲಿ ಇರುವವರಿಗೆ ನೀರಿನ ಮಾತು ವಿವರಿಸಬೇಕಾಗಿಲ್ಲ. ಎಷ್ಟೋ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಹೊತ್ತುಗೊತ್ತು ನೋಡದೆ ಎದ್ದು ಟಾಕಿ, ಕೊಡ, ಬಕೆಟ್ಟು ತುಂಬಬೇಕು. ರಾತ್ರಿಯ ಅಡುಗೆ ನನ್ನದು, ಮಕ್ಕಳ ಓದು ನನ್ನದು. ತರಕಾರಿ ಸೋಸುವುದು ಅತ್ತೆ, ಅದೂ ಅವರಿಗೆ ಬೇಕೆನಿಸಿದರೆ. ಮಗಳು ಒಣಗಿದ ಅರಿವೆ ಮಡಚುತ್ತಾಳೆ, ಮಗ ತಟ್ಟೆ ಇಡುತ್ತಾನೆ.

ಮದುವೆಯಾದ ಹೊಸದರಲ್ಲೇ ಇದೆಲ್ಲ ಹೀಗಿರಲಿಲ್ಲ. ಎಷ್ಟೋ ಸಂಜೆ ಕೂತು ಮಾತಾಡಿದ್ದೇವೆ, ಕೆಲವೊಮ್ಮೆ ದನಿ ಏರಿದ್ದೂ ಉಂಟು. ನನಗೆ ಮೊದಲ ಬೆಂಬಲ ಬಂದಿದ್ದು ಅತ್ತೆಯಿಂದ. "ಆಕಿನೂ ದುಡದು ಬರ್ತಾಳಲ್ಲೋ ತಮ್ಮಾ, ನೀ ಒಲಿ ಮುಂದ ನಿಂತರ ಏನಾಗ್ತದ?" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಕೆಲವನ್ನು ಸುಮ್ನೆ ಬಿಟ್ಟೂ ಬಿಟ್ಟಿದ್ದೇನೆ. ದಿನಾ ರೊಟ್ಟಿ ಬಡಿಯುವುದಿಲ್ಲ. ನಮ್ಮ ಓಣಿಯ ಒಬ್ಬ ಅಕ್ಕ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ತೆಳ್ಳಗೆ, ಗರಿಗರಿ, ಡಬ್ಬಿಗೆ ಹಾಕಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಕಟ್ಟು ಕಟ್ಟು ತಂದಿಡುತ್ತೇವೆ. ಜೊತೆಗೆ ಶೇಂಗಾ ಹಿಂಡಿ, ಮೊಸರು, ಒಂದು ಪಲ್ಯ ಇದ್ದರೆ ಊಟ ಆಯಿತು. ಮನೆಯಲ್ಲಿ ರೊಟ್ಟಿ ಮಾಡುವುದಿಲ್ಲವೇ ಅಂತ ಹುಬ್ಬೇರಿಸುವವರಿಗೆ ನಾನು ಹೇಳುವುದಿಷ್ಟೇ: ಆ ಅಕ್ಕನೂ ನನ್ನ ಹಾಗೆ ಮಕ್ಕಳನ್ನು ಸಾಕುತ್ತಿರುವ ತಾಯಿ. ಅವರ ಕೈಯ ರೊಟ್ಟಿ ನನ್ನದಕ್ಕಿಂತ ಚೆನ್ನಾಗಿದೆ. ಅವರಿಗೆ ದುಡಿಮೆ, ನನಗೆ ಹೊತ್ತು. ಮನೆಯಲ್ಲಿ ಉಡುವ ಅರಿವೆಗೆ ಇಸ್ತ್ರಿ ಇಲ್ಲ. ನೆಂಟರು ಬರುತ್ತಾರೆ ಅಂತ ಮನೆಯನ್ನು ತಲೆಕೆಳಗು ಮಾಡಿ ಒರೆಸುವುದಿಲ್ಲ. ಹಾಲ್‌ನ ಮೂಲೆಯಲ್ಲಿ ಅರ್ಧ ಕೌದಿ ಬಿದ್ದಿರುತ್ತದೆ, ಬಂದವರು ಅದರ ಪಕ್ಕ ಕೂರುತ್ತಾರೆ.

ಆದರೆ ಒಂದು ಮಾತು. ಚಿಕ್ಕ ಕೂಸಿರುವ ತಾಯಂದಿರು ಇದನ್ನು ಓದಿ ನಾನೂ ಏನಾದರೂ ಮಾಡಬೇಕಿತ್ತು ಅಂತ ಕೊರಗಬೇಡಿ. ನನ್ನ ಮಗ ತೊಟ್ಟಿಲಲ್ಲಿದ್ದಾಗ ನಾನು ಏನನ್ನೂ ಹೊಲಿಯಲಿಲ್ಲ, ಏನನ್ನೂ ನೆಡಲಿಲ್ಲ. ನಿದ್ದೆ ಮಾಡಿದೆ, ಅಷ್ಟೇ. ಆಗ ಅದೇ ಬೇಕಾಗಿತ್ತು.

ಶುರು ಮಾಡುವ ಮನಸ್ಸಿದ್ದರೆ ಚಿಕ್ಕದರಿಂದ ಶುರು ಮಾಡಿ. ಒಂದು ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಮಕ್ಕಳ ಹಳೆಯ ಅಂಗಿ, ಫ್ರಾಕಿನ ತುಂಡು ಜೋಡಿಸಿದರೆ ತೊಟ್ಟಿಲಿನ ಕೌದಿಗೆ ಸಾಕು. ಸಾಲುಗಳ ನಡುವೆ ಒಂದು ಬೆರಳಿನ ಅಂತರ ಇರಲಿ. ದೂರ ದೂರ ಹೊಲಿದರೆ ಒಗೆದಾಗ ಒಳಗಿನ ಪದರ ಸರಿದು ಗಂಟುಗಟ್ಟುತ್ತದೆ. ದಾರವನ್ನು ಕೈಯಷ್ಟುದ್ದಕ್ಕಿಂತ ಜಾಸ್ತಿ ಪೋಣಿಸಬೇಡಿ, ಸಿಕ್ಕಾಗುತ್ತದೆ. ದೊಡ್ಡ ಕೌದಿಯನ್ನು ಬಿರುಬಿಸಿಲಿನ ದಿನ ಮಾತ್ರ ಒಗೆಯಿರಿ. ನೀರು ಕುಡಿದ ಕೌದಿ ಹಿಂಡಲು ಇಬ್ಬರು ಬೇಕು, ಒಬ್ಬರೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ.

ನಮಗೂ ಒಂದು ಹೊಲಿದುಕೊಡಿ ಅಂತ ಕೇಳುವವರು ಬಹಳ. ಹೊಲಿದುಕೊಡಲು ನನ್ನಿಂದ ಆಗುವುದಿಲ್ಲ. ನಿಮ್ಮ ಅಮ್ಮನದ್ದೋ ಅತ್ತೆಯದ್ದೋ ಸೀರೆ ಎರಡು ತನ್ನಿ, ಭಾನುವಾರ ಮಧ್ಯಾಹ್ನ ಬನ್ನಿ. ಹಾಸಿ, ಟಾಕು ಹಾಕಿ, ಮೊದಲ ಸಾಲು ಒಟ್ಟಿಗೆ ಹೊಲಿಯೋಣ. ಉಳಿದದ್ದನ್ನು ನೀವು ಮನೆಗೆ ಒಯ್ದು, ಹೊತ್ತು ಸಿಕ್ಕಾಗ ಮುಂದುವರಿಸಿ.