ಹೇಜಲ್‌ನಟ್ ಮಾರಿದ ಅಜ್ಜಿಯ ಊರು ಜೆನೋವಾ

ಇಟಲಿಯ ಜೆನೋವಾಕ್ಕೆ ಹೋದವರು ಮೊದಲು ನೋಡುವುದು ಕೊಲಂಬಸ್ ಮನೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಪೋರ್ಟಾ ಸೊಪ್ರಾನಾ ಅನ್ನುವ ಹಳೇ ಊರಬಾಗಿಲ ಹತ್ತಿರ ಒಂದು ಪುಟ್ಟ ಕಲ್ಲಿನ ಮನೆ. 1684ರಲ್ಲಿ ಫ್ರೆಂಚರ ಹಡಗುಗಳು ಊರಿನ ಮೇಲೆ ಗುಂಡಿನ ಮಳೆ ಸುರಿಸಿದಾಗ ಮೂಲ ಮನೆ ಹಾಳಾಯಿತು. ಈಗಿರುವುದು ಆಮೇಲೆ ಕಟ್ಟಿದ್ದು. ಬೇಗ ನೋಡಿ ಮುಗಿಯಿತು.

ವಿಯಾ ಗರಿಬಾಲ್ಡಿ ಬೀದಿಯ ಪಲಾಝೊ ತುರ್ಸಿ ಅನ್ನುವ ಅರಮನೆಯಿಂದ ಮಾತ್ರ ಹೊರಡಲು ಮನಸ್ಸಾಗಲಿಲ್ಲ. 1782ರಲ್ಲಿ ಇದೇ ಊರಲ್ಲಿ ಹುಟ್ಟಿದ ಹೆಸರಾಂತ ಪಿಟೀಲು ವಾದಕ ಪಗನೀನಿಯ ಪಿಟೀಲು ಅಲ್ಲಿದೆ. ಗ್ವಾರ್ನೇರಿ ಅನ್ನುವ ಪಿಟೀಲು ತಯಾರಕ 1743ರಲ್ಲಿ ಮಾಡಿದ್ದು. ದನಿ ಅಷ್ಟು ಜೋರು ಅಂತ ಅದಕ್ಕೆ 'ಫಿರಂಗಿ' ಎಂದೇ ಹೆಸರು. ಅದನ್ನು ಜೆನೋವಾಕ್ಕೇ ಕೊಡಬೇಕೆಂದು ಪಗನೀನಿ ಉಯಿಲು ಬರೆದಿದ್ದ. ಸತ್ತದ್ದು 1840ರಲ್ಲಿ, ನೀಸ್‌ನಲ್ಲಿ. ಚರ್ಚಿನವರು ಮಣ್ಣು ಮಾಡಲು ಒಪ್ಪಲಿಲ್ಲ. ಹೆಣ ವರ್ಷಗಟ್ಟಲೆ ಅಲೆದು ಕೊನೆಗೆ ಪಾರ್ಮಾ ಸೇರಿತು. ಪಿಟೀಲು ಊರಿಗೆ ಬಂತು, ನುಡಿಸಿದವನು ಬರಲಿಲ್ಲ.

ಮಾರನೇ ದಿನ ಬಸ್ಸು ಹತ್ತಿ ಸ್ತಾಲ್ಯೇನೋ ಸ್ಮಶಾನಕ್ಕೆ ಹೋದೆ. 1851ರಲ್ಲಿ ತೆರೆದ ಸ್ಮಶಾನ, ಗುಡ್ಡದ ಮೈಗೆ ಹಬ್ಬಿಕೊಂಡಿದೆ. ಮರಗಳ ನೆರಳಲ್ಲಿ, ಇಟಲಿ ಒಂದಾಗಲಿ ಎಂದು ಹೋರಾಡಿದ ಮಜ್ಜೀನಿಯ ಸಮಾಧಿ. ಎದುರಿಗೆ ಎರಡು ದಪ್ಪ ಕಂಬ, ಮೇಲೆ ಹೆಸರು, ಅಷ್ಟೇ. ನಮ್ಮ ಲಾಲಾ ಲಜಪತ್ ರಾಯ್ ಉರ್ದುವಿನಲ್ಲಿ ಜೀವನ ಚರಿತ್ರೆ ಬರೆದದ್ದು ಇವರದೇ. ಹುಟ್ಟಿದ್ದು ಜೆನೋವಾದಲ್ಲಿ, 1805ರಲ್ಲಿ. ಸತ್ತದ್ದು 1872ರಲ್ಲಿ ಪೀಸಾದಲ್ಲಿ, ಸುಳ್ಳು ಹೆಸರಿಟ್ಟುಕೊಂಡು ಅಡಗಿದ್ದಾಗ. ಪ್ರೊಟೆಸ್ಟಂಟರ ಭಾಗದಲ್ಲಿ ಬರಹಗಾರ ಆಸ್ಕರ್ ವೈಲ್ಡ್‌ನ ಹೆಂಡತಿ ಕಾನ್‌ಸ್ಟನ್ಸ್ ಸಮಾಧಿಯಿದೆ. 1898ರಲ್ಲಿ ಇಲ್ಲಿ ಆಪರೇಷನ್ ಆದಮೇಲೆ ತೀರಿಕೊಂಡರು. ಆಗಿನ್ನೂ ವಯಸ್ಸು ನಲವತ್ತರ ಆಸುಪಾಸು. ಆ ಕಲ್ಲಿನ ಮೇಲೆ 'ಆಸ್ಕರ್ ವೈಲ್ಡ್‌ನ ಪತ್ನಿ' ಅನ್ನುವ ಮಾತು ಸೇರಲು 1963 ಬರಬೇಕಾಯಿತು. ಅಲ್ಲಿ ನಿಂತಾಗ ಹೊಟ್ಟೆಯೊಳಗೆ ಸಂಕಟವಾಯಿತು.

ಆದರೆ ನಾನು ಹುಡುಕಿಕೊಂಡು ಹೋಗಿದ್ದು ಕತೆರೀನಾ ಕಂಪೊದೋನಿಕೊ ಅನ್ನುವ ಅಜ್ಜಿಯನ್ನು. ಜಾತ್ರೆಗಳಲ್ಲಿ ಹೇಜಲ್‌ನಟ್ ಸರ, ಬಳೆಯಾಕಾರದ ಬ್ರೆಡ್ಡು ಮಾರಿ ಬದುಕಿದಾಕೆ. ಒಂದೊಂದೇ ಕಾಸು ಕೂಡಿಟ್ಟು, ಸಾಹುಕಾರರ ಪ್ರತಿಮೆ ಕೆತ್ತುತ್ತಿದ್ದ ಲೊರೆಂಜೊ ಒರೆಂಗೊ ಕೈಯಲ್ಲಿ 1881ರಲ್ಲಿ ತನ್ನ ಪ್ರತಿಮೆ ಮಾಡಿಸಿದಳು. ಮರುವರ್ಷ ತೀರಿಕೊಂಡಳು.

ಶ್ರೀಮಂತರ ಪ್ರತಿಮೆಗಳ ಸಾಲಲ್ಲೇ ಆಕೆ ನಿಂತಿದ್ದಾಳೆ. ಹತ್ತಿರ ಹೋಗಿ ನೋಡಿದೆ. ಹಬ್ಬದ ಸೀರೆಯ ಹಾಗೆ ಜತನದಿಂದ ಉಟ್ಟ ಬಟ್ಟೆ. ಶಾಲಿನ ಕುಚ್ಚು, ಏಪ್ರನ್ನಿನ ಲೇಸು ಎಲ್ಲಾ ಕಲ್ಲಿನಲ್ಲೇ, ಎಳೆ ಎಳೆಯಾಗಿ. ಮುಖದ ಸುಕ್ಕನ್ನು ಶಿಲ್ಪಿ ಮರೆಮಾಚಿಲ್ಲ. ಕೈಯಲ್ಲಿ ಅದೇ ಹೇಜಲ್‌ನಟ್ ಸರ, ಅದೇ ಬ್ರೆಡ್ಡು. ಇಷ್ಟು ದುಡ್ಡು ಕೊಟ್ಟು ಮಾಡಿಸಿದವಳು ಬರಿಗೈಲಿ ನಿಲ್ಲಬಹುದಿತ್ತು ಅಲ್ವಾ? ತನ್ನ ವ್ಯಾಪಾರವನ್ನೇ ಹಿಡಿದು ನಿಂತಳು.

ಕೆಳಗೆ ಜೆನೋವಾದ ಆಡುಮಾತಿನಲ್ಲೇ ಒಂದು ಪದ್ಯ ಕೆತ್ತಿದ್ದಾರೆ. ಬಿಸಿಲು, ಗಾಳಿ, ಸುರಿಯುವ ಮಳೆ ಅನ್ನದೆ ಹೇಜಲ್‌ನಟ್ ಮಾರಿದೆ ಅನ್ನುತ್ತಾಳೆ. ದಾರಿಹೋಕರನ್ನು ಕೇಳುವುದು ಒಂದೇ: ನನಗೆ ಶಾಂತಿ ಸಿಗಲಿ ಅಂತ ಬೇಡಿಕೊಳ್ಳಿ.

ಚಪ್ಪಲಿ ಬಿಟ್ಟು, ಕೈಮುಗಿದು, ಕೇಳಿದ್ದನ್ನು ಮಾಡಿ ಬಂದೆ.