ಲಾರ್ವಾ ಹುಡುಕುವವರು ಪಂಚಾಯ್ತಿ ಸಭೆಗೆ ಯಾಕೆ ಹೋಗಬೇಕು

ನಾನು ರಾಯಚೂರು ಜಿಲ್ಲೆಯಲ್ಲಿ ಆರೋಗ್ಯ ನಿರೀಕ್ಷಣಾಧಿಕಾರಿ. ಮನೆಮನೆಗೆ ಹೋಗಿ ಬ್ಯಾರಲ್ ಒಳಗೆ ಟಾರ್ಚ್ ಬಿಟ್ಟು ಲಾರ್ವಾ, ಅಂದರೆ ಸೊಳ್ಳೆ ಮರಿ ನೋಡುವುದು, ಜ್ವರ ಬಂದವರ ರಕ್ತ ತೆಗೆಯುವುದು, ಟ್ಯಾಂಕ್ ನೀರಿಗೆ ಕ್ಲೋರಿನ್ ಬಿದ್ದಿದೆಯೋ ಇಲ್ಲವೋ ಪರೀಕ್ಷೆ ಮಾಡುವುದು, ಇವೇ ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗರು ಏನು ಕಲಿಯಬೇಕು ಅಂತ ಕೇಳಿದರೆ ನಾನು ಹೇಳುವುದು ಒಂದೇ: ತಿಂಗಳಿಗೊಮ್ಮೆ ನಡೆಯುವ ಪಂಚಾಯ್ತಿ ಸಾಮಾನ್ಯ ಸಭೆ ತಪ್ಪಿಸಬೇಡಿ. ಊರಿನ ಆರೋಗ್ಯದ ಅರ್ಧಕ್ಕಿಂತ ಜಾಸ್ತಿ ಅಲ್ಲೇ ತೀರ್ಮಾನ ಆಗುತ್ತದೆ. ಅದೂ ಯಾರೂ ಆರೋಗ್ಯದ ಹೆಸರೇ ಎತ್ತದೆ.

ಡೆಂಗಿಯನ್ನೇ ನೋಡಿ. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಚರಂಡಿಯಲ್ಲಲ್ಲ, ಮನೆಯಲ್ಲಿ ತುಂಬಿಟ್ಟ ಒಳ್ಳೆ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಿ ಹಾರುವುದಕ್ಕೆ ನಮ್ಮ ಬಿಸಿಲಿಗೆ ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು, ಹಂಡೆ, ತೊಟ್ಟಿ ಖಾಲಿ ಮಾಡಿ, ತಿಕ್ಕಿ ತೊಳೆದು ಒಣಗಿಸಿ ಅಂತ ನಾವು ಮತ್ತು ಆಶಾ ಕಾರ್ಯಕರ್ತೆಯರು ಗಂಟಲು ಹರಿದುಕೊಳ್ಳುತ್ತೇವೆ. ಸರಿ, ಆದರೆ ಇದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ಕೆರೆಯಲ್ಲಿ ತುಂಬಿಸಿಟ್ಟ ನೀರೇ ಗತಿ. ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ನಿಂತು, ಏಳನೇ ದಿನ ಬ್ಯಾರಲ್ ಚೆಲ್ಲಮ್ಮ ಅಂದರೆ ಆ ತಾಯಿ ಯಾಕೆ ಕೇಳಬೇಕು? "ನೀವು ದಿನಾ ನೀರು ಬಿಡಸ್ರಿ ಸರ, ನಾನ್ಯಾಕ ತುಂಬಿಡ್ಲಿ?" ಅನ್ನುತ್ತಾರೆ. ಅವರು ಹೇಳುವುದು ನೂರಕ್ಕೆ ನೂರು ಸರಿ.

ಅಂದರೆ ಆ ಓಣಿಯ ಡೆಂಗಿ ನಿಯಂತ್ರಣ ಇರುವುದು ನಮ್ಮ ಕರಪತ್ರದಲ್ಲಲ್ಲ, ವಾಟರ್‌ಮನ್ ಯಾವ ದಿನ ಯಾವ ವಾಲ್ವ್ ತಿರುಗಿಸುತ್ತಾನೆ ಅನ್ನುವುದರಲ್ಲಿ. ಅದನ್ನು ಹೇಳುವ ಅಧಿಕಾರ ನನಗಿಲ್ಲ, ನಮ್ಮ ಡಾಕ್ಟರಿಗೂ ಇಲ್ಲ. ಪಂಚಾಯ್ತಿಗೆ ಇದೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ ಜೊತೆ ಸೇರಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಕುಡಿಯುವ ನೀರೂ ಇದೆ, ಆರೋಗ್ಯ ಮತ್ತು ನೈರ್ಮಲ್ಯವೂ ಇದೆ. ಡಾಕ್ಟರು, ನರ್ಸು, ಔಷಧಿ ಎಲ್ಲಾ ಇಲಾಖೆ ಕೈಯಲ್ಲೇ ಉಳಿದಿವೆ, ಅದು ಬೇರೆ ಮಾತು. ನೀರು, ಚರಂಡಿ, ಕಸ ಮಾತ್ರ ನಿಜವಾಗಿಯೂ ಪಂಚಾಯ್ತಿಯವೇ. ನಮ್ಮ ಅರ್ಧ ಕಾಯಿಲೆ ಬರುವುದು ಈ ಮೂರರಿಂದಲೇ ಅಲ್ವಾ?

ಸಭೆಯಲ್ಲಿ ಏನು ಕೇಳಬೇಕು ಅನ್ನುವುದೂ ಮುಖ್ಯ. "ಜಾಸ್ತಿ ನೀರು ಬಿಡಿ" ಅಂತ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. "ಕೆರಿ ತಳ ಕಂಡದ, ಎಲ್ಲಿಂದ ತರೂಣ್ರೀ?" ಅಂತ ಸದಸ್ಯರು ಕೇಳುತ್ತಾರೆ, ಅದು ನ್ಯಾಯವೇ. ನಾನು ಕೇಳುವುದು ಅಷ್ಟೇ ನೀರನ್ನು ಒಡೆದು ಬಿಡಿ ಅಂತ. ಎಂಟು ದಿನಕ್ಕೊಮ್ಮೆ ಎರಡು ತಾಸು ಬಿಡುವ ಬದಲು ನಾಲ್ಕು ದಿನಕ್ಕೊಮ್ಮೆ ಒಂದು ತಾಸು. ಹೆಚ್ಚುಕಡಿಮೆ ಅಷ್ಟೇ ನೀರು, ಆದರೆ ಮನೆಯಲ್ಲಿ ನಾಲ್ಕು ಬ್ಯಾರಲ್ ಇಡುವ ಕಡೆ ಎರಡು ಸಾಕು, ಲಾರ್ವಾ ಸೊಳ್ಳೆ ಆಗುವುದರೊಳಗೆ ಅವು ತಾವಾಗಿಯೇ ಖಾಲಿ ಆಗುತ್ತವೆ. ಆಗ ತಿಕ್ಕಿ ತೊಳೆಯಿರಿ ಅಂತ ಹೇಳುವುದಕ್ಕೆ ನನಗೂ ಮುಖ ಇರುತ್ತದೆ.

ಹೇಳಿದಷ್ಟು ಸುಲಭ ಇಲ್ಲ. ವಾಟರ್‌ಮನ್‌ಗೆ ವಾಲ್ವ್ ತಿರುಗಿಸುವ ಕೆಲಸ ಡಬಲ್ ಆಗುತ್ತದೆ, ಅವನ ಸಂಬಳ ಡಬಲ್ ಆಗುವುದಿಲ್ಲ. ಒಂದು ತಾಸಿನಲ್ಲಿ ಪೈಪಿನ ಕೊನೆಯ ಮನೆಗೆ ನೀರು ಮುಟ್ಟುವುದೇ ಇಲ್ಲ, ಯಾಕಂದರೆ ಮೊದಲಿನ ಮನೆಯವರು ನಲ್ಲಿಗೇ ಮೋಟಾರ್ ಹಚ್ಚಿರುತ್ತಾರೆ. ಮೋಟಾರ್ ಬಿಚ್ಚಿಸುವುದು ಅಂದರೆ ಓಟಿನ ಪ್ರಶ್ನೆ. ಜೊತೆಗೆ ಕೊನೆಯ ಓಣಿ ಬಹಳ ಸಲ ಬಡವರ ಓಣಿ, ಅಲ್ಲಿನ ಸದಸ್ಯೆಯ ದನಿ ಸಭೆಯಲ್ಲಿ ಸಣ್ಣದು, ಕೆಲವು ಕಡೆ ಅವರ ಬದಲು ಗಂಡನೇ ಕೂತಿರುತ್ತಾನೆ. ಹಾಗಾಗಿ ಸಭೆಗೆ ಮುಂಚೆ ಆ ಸದಸ್ಯೆಯನ್ನೇ ನೇರವಾಗಿ ಭೇಟಿ ಮಾಡಿ, ಅವರ ಓಣಿಯ ಜ್ವರದ ಪಟ್ಟಿ ಕೈಗೆ ಕೊಡಿ. ನಾನು ಹೇಳಿದರೆ ಅದು ಇಲಾಖೆಯವರ ಗೋಳು. ಅವರು ಹೇಳಿದರೆ ಠರಾವು ಆಗುವ ಸಾಧ್ಯತೆ ಇದೆ.

ಠರಾವಿನ ಬಗ್ಗೆ ಒಂದು ಮಾತು. "ಸೊಳ್ಳೆ ನಿಯಂತ್ರಣಕ್ಕೆ ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ನಡವಳಿ ಪುಸ್ತಕದಲ್ಲಿ ಬರೆದರೆ ಏನೂ ಆಗುವುದಿಲ್ಲ ಅಂತ ತಿಳಿಯಿರಿ. ಯಾವ ವಾರ್ಡಿನ ವಾಲ್ವ್, ಯಾವ ದಿನ, ಯಾರು ಬಿಡಬೇಕು, ಸೋರುವ ಪೈಪ್ ರಿಪೇರಿಗೆ ಯಾವ ಲೆಕ್ಕದ ದುಡ್ಡು, ಇವು ಬರುವ ತನಕ ಕುರ್ಚಿ ಬಿಟ್ಟು ಏಳಬೇಡಿ. ದುಡ್ಡಿಲ್ಲ ಅನ್ನುವ ಮಾತು ಪೂರ್ತಿ ನಿಜ ಅಲ್ಲ. 2021ರಿಂದ 2026ರ ತನಕದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60% ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು ಇಟ್ಟಿದ್ದರು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ತನಕ ಬೇರೆಯೇ ಇದೆ, ಸಣ್ಣ ದುಡ್ಡು, ಆದರೆ ತಕ್ಷಣಕ್ಕೆ ಕೈಗೆ ಸಿಗುವಂಥದ್ದು.

2024ರಲ್ಲಿ ಸರ್ಕಾರ ದಂಡವನ್ನೂ ತಂದಿತು. ಹಳ್ಳಿಯ ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ 200 ರೂಪಾಯಿ. ನನಗೆ ಇದು ಅಷ್ಟು ಹಿಡಿಸಿಲ್ಲ. ವಾರ ನೀರು ಬಿಡದೆ, ತುಂಬಿಟ್ಟವರಿಗೆ ದಂಡ ಹಾಕುವುದು ಎಲ್ಲಿಯ ನ್ಯಾಯ?

ಕ್ಲೋರಿನ್ ವಿಷಯ ಇದರಷ್ಟು ಕಷ್ಟ ಇಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಮೇಲೆ ನೀರಿನ ಮಾತೆತ್ತಿದರೆ ಸಭೆ ಕಿವಿ ಕೊಡುತ್ತದೆ. 50,000 ಲೀಟರ್ ಟ್ಯಾಂಕಿಗೆ ಒಳ್ಳೆ ಬ್ಲೀಚಿಂಗ್ ಪೌಡರ್ 125 ಗ್ರಾಂ ಸಾಕು, ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪೌಡರ್ ಚೀಲ ಬಾಯಿ ಬಿಚ್ಚಿ ಮೂಲೆಯಲ್ಲಿಟ್ಟರೆ ಶಕ್ತಿ ಹಾರಿಹೋಗುತ್ತದೆ, ಮುಚ್ಚಳದ ಡಬ್ಬಿ ಕೊಡಿಸಿ ಅಂತ ಅದನ್ನೂ ಠರಾವಿನಲ್ಲೇ ಹಾಕಿಸಿ.

ನನ್ನ ಕೈಯಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವುದು ಗುಳೆ ಹೋದವರ ಮನೆಗಳು. ಬಾಗಿಲಿಗೆ ಬೀಗ, ಅಂಗಳದಲ್ಲಿ ಅರ್ಧ ತುಂಬಿದ ಡ್ರಮ್ಮು. ನಾನು ಒಳಗೆ ಕಾಲಿಡುವ ಹಾಗಿಲ್ಲ. ಹೋಗುವ ಮುಂಚೆ ಡ್ರಮ್ಮು ಬೋರಲು ಹಾಕಿ ಹೋಗಿ ಅಂತ ವಾರ್ಡ್ ಸಭೆಯಲ್ಲಿ ಹೇಳಿಸಬೇಕು, ಪಕ್ಕದ ಮನೆಯವರ ಹೆಸರು ಬರೆದಿಟ್ಟುಕೊಳ್ಳಬೇಕು ಅಂತ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮಾತಾಡಿದ್ದೇನೆ. ಮುಂದಿನ ಸಭೆಯ ಅಜೆಂಡಾದಲ್ಲಿ ಹಾಕ್ತೀನಿ ಅಂದಿದ್ದಾರೆ. ನಿಮ್ಮ ಕಡೆ ಇದಕ್ಕೆ ಏನಾದರೂ ದಾರಿ ಮಾಡಿಕೊಂಡಿದ್ದರೆ ಹೇಳಿ.